ಒಂದು ಬದಿಯ ಕಂಬಿ

ವಹಿ ಬರಿಲಾಕ ನನಗೇ ಯಾಕ ಹಚ್ಚಿದರು?
ದರ್ಜಿ ಲಾಡ್ಲೇಸಾಬ ಅಳತಿ ತಪ್ಪಂಗಿಲ್ಲ, ಅಂದರು.
ಅಂಗಿಯ ಅಳತಿ, ನಾ ಅಂದೆ, ಊರಿಂದಲ್ಲ.
ನಕ್ಕರು. ನೂರು ಹಾಳಿಯ ನೋಟಬುಕ್ಕು ಕೈಗಿಟ್ಟರು.

ನಾಲಾಕ್ಕೊಂದು ಕಾಲುಸೇತುವಿ. ಕರಾರು ಹಿಂಗಿತ್ತು:
ನೀವು ಒಂದು ರೂಪಾಯಿ ಕೂಡಿಸಿದರ
ಕಲಬುರಗಿಯ ಸಂಸ್ಥಾ ಒಂದು ರೂಪಾಯಿ ಕೂಡಿಸತದ.
ಬೆವರು ಸುರಿಸಿದರ ಅದಕ್ಕೂ ದರ ಅದ, ದಿನಕ್ಕ ಇಷ್ಟು ಅಂತ.
ಆದರ ಬರಿಬೇಕು. ಬರಿಲಾರದ್ದು ಬಂದಂಗಲ್ಲ.

ಎಡಕ್ಕ ನಗದು, ಬಲಕ್ಕ ಶ್ರಮ, ನಡುವ ಗೀಟು.
ಅರಿವಿಮ್ಯಾಲ ಎಳಿಯೋವಂಥದೇ ಗೀಟು,
ಕತ್ತರಿ ಬರೋಕಿಂತ ಮೊದಲಿಂದು.

ಮೊದಲ ಹೆಸರು ಸೋಮ್ಲಿಬಾಯಿಯದು, ಆಚಿ ದಂಡಿಯ ತಾಂಡಾದಾಕಿ:
ಐವತ್ತೊಂದು. ಐವತ್ತು ಸೆರಗಿನ ಗಂಟಿನಿಂದ,
ಒಂದು ಮೊಮ್ಮಗನ ಮುಷ್ಟಿಯಿಂದ. ಅವ ಅಳತಿದ್ದ.
ಸಾಯಬಣ್ಣ ತೊಗರಿ ತಂದ, ಒಂದು ಚೀಲ.
ತೂಕದಾಗ ನಾಕು ಕಿಲೋ ಕಡಿಮಿ.
ಪೂರಾ ಚೀಲ ಬರಿ, ಅಂದ. ಎಷ್ಟಿತ್ತೋ ಅಷ್ಟೇ ಬರದೆ.
ಎರಡು ತಿಂಗಳು ಅವ ನನ್ನ ಅಂಗಡಿ ಮುಂದ
ಗಂಟಲು ಸರಿಮಾಡಿಕೊಂಡೇ ಹಾದುಹೋದ.
ಚಿತ್ತಾಪುರದ ಖಣಿಯಾಗ ದುಡಿಯೋ ಮೂವರು ಹುಡುಗರು
ಟ್ರ್ಯಾಕ್ಟರಿನ ತುಂಬ ಒಡಕು ಫರಸಿ ಹೇರಿಕೊಂಡು ಬಂದರು.
ಮಾಲಕಗ ಹೇಳೀರೇನು?
ಹೇಳೀವಿ. ಅವನ ಹೆಸರೂ ಬರಿ, ಇಲ್ಲಂದ್ರ ವಾಪಸ್ ತರ್ರಿ ಅಂದಾನ.
ಬರದೆ.

ಕಂಬ ಎಲ್ಲಿ ನಿಲ್ಲಬೇಕು ಅಂತ
ಇಂಜಿನಿಯರ ಮೂರು ಕಡೆ ಸುಣ್ಣ ಚೆಲ್ಲಿದ್ದ.
ಸೂಲಗಿತ್ತಿ ಚಂದಮ್ಮ ದಂಡಿಮ್ಯಾಲ ಕುಂತು ನೋಡಿದಳು,
ಎಲಿ ಹಾಕಿಕೊಂಡಳು, ಎದ್ದು ನೀರಿಗಿಳಿದಳು.
ಇಲ್ಲಿ ರಾಡಿ. ಇಲ್ಲಿ ಭೀಮಶಾನ ಗಾಡಿ ಹುಗಿದಿತ್ತು.
ಇಲ್ಲಿ—ಅಂಗಾಲಿನಿಂದ ತಟ್ಟಿದಳು—ಇಲ್ಲಿ ಹಾಸಗಲ್ಲು ಅದ.
ನಡುರಾತ್ರಿ ತಾಂಡಾಕ ಹೋಗುವಾಗೆಲ್ಲ
ಇಲ್ಲೇ ನಿಂತು ಉಸುರು ತೊಗೋತಿದ್ದೆ.
ಇಂಜಿನಿಯರ ಹಾರಿ ಹಾಕಿಸಿದ. ಖಣ್ ಅಂತು.
ಸುಣ್ಣದ ಗುರುತು ಅವನೇ ಬೂಟಿಲೆ ಅಳಿಸಿದ.

ಆ ಸಂಜಿ ವಹಿ ಮುಂದಿಟ್ಟುಕೊಂಡು ಕುಂತೆ.
ಎಡಕ್ಕ ಬರಂಗಿಲ್ಲ. ಬಲಕ್ಕ ಬರಿಬೇಕಂದರ ಎಷ್ಟು ದಿನ?
ಆಕಿಗೇ ಕೇಳಿದೆ. ಎಷ್ಟು ಕೂಸು ಹುಟ್ಯಾವೋ
ಅಷ್ಟು ರಾತ್ರಿ, ಅಂದಳು. ಸತ್ತವೂ ಹಿಡಿ.
ಬರದೆ: ಚಂದಮ್ಮ, ರಾತ್ರಿ ನೂರಾ ಹತ್ತು.
ರಾತ್ರಿಗೂ ಹಗಲಿನದೇ ದರ ಹಚ್ಚಿದೆ.

ತಪಾಸಣಿಗಿ ಬಂದ ಹುಡುಗಿ ಒಳ್ಳೆಯಾಕಿ.
ಚಾ ಕುಡಿದಳು, ಹಾಳಿಮ್ಯಾಲ ಬೆರಳು ಜಾರಿಸಿಕೋತ ಬಂದಳು,
ನಿಂತಳು. ಇದೇನು?
ಹೇಳಿದೆ. ಬಹಳ ಹೊತ್ತು ಸುಮ್ಮ ಕುಂತಳು.
ನಂಬತೀನಿ ಚಾಚಾ, ಅಂದಳು, ಆದರ
ಕೆಲಸ ಶುರುವಾಗೋಕಿಂತ ಮೊದಲಿನ ದುಡಿಮಿ
ನಮ್ಮ ಕರಾರಿನಾಗ ಬರಂಗಿಲ್ಲ.
ಕೆಂಪು ಪೆನ್ನಿಲೆ ಒಂದೇ ಗೀಟು. ನೆಟ್ಟಗಿತ್ತು.
ದರ್ಜಿ ನಾ, ನೆಟ್ಟನ್ನ ಗೀಟಿನ ಮ್ಯಾಲ ಸಿಟ್ಟಾಗಲಾರೆ.

ಅಷ್ಟು ಕಡಿಮಿ ಬಿತ್ತು.
ಸೇತುವಿಗಿ ಒಂದು ಬದಿ ಕಂಬಿ ಬಂತು,
ಇನ್ನೊಂದು ಬದಿ ಬರಲಿಲ್ಲ.
ಮುಂದಿನ ಸುಗ್ಗಿಗಿ ಕೂಡಿಸೋಣ, ಅಂದರು ಎಲ್ಲರೂ.
ಮೂರು ಸುಗ್ಗಿ ಆದವು.

ಈಗ ಶಾಲಿ ಹುಡುಗರು, ಹೋಗೋರೂ ಬರೋರೂ,
ಅದೇ ಕಂಬಿ ಹಿಡಿತಾರ.
ನಡುವ ಎದುರಾದರ ಒಬ್ಬರು ಕೈ ಬಿಡಬೇಕು.
ಯಾರು ಅನ್ನೋದಕ್ಕ ಊರಾಗ ಇನ್ನೂ ಕಾಯ್ದೆ ಆಗಿಲ್ಲ.
ಮೊನ್ನೆ ಸಾಯಬಣ್ಣ ಮತ್ತ ನಾ ಎದುರಾದೆವು.
ಇಬ್ಬರೂ ಬಿಟ್ಟೆವು.
ಬಿಟ್ಟು, ಮತ್ತ ಇಬ್ಬರೂ ಹಿಡಿದೆವು,
ಮುದುಕರ ಕಾಲು ನಂಬಲಾಗದು ನೋಡ್ರಿ.

ಚಂದಮ್ಮ ಮಾತ್ರ ಕಂಬಿ ಇಲ್ಲದ ಬದಿಯಿಂದಲೇ ಹೋಗತಾಳ.
ನಡುಗಂಬದ ಮ್ಯಾಲ ಬಂದಾಗ ನಿಲ್ಲತಾಳ,
ಉಸುರು ತೊಗೊಂಡು,
ನೀರಿಗಿ ಎಲಿ ಉಗುಳಿ, ಮುಂದ ನಡಿತಾಳ.